ಕರ್ಕೋಚಗಳೂ ಆಯಿಯ ನೇಮವೂ

ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ತುತ್ತು ಎತ್ತುತ್ತಿರಲಿಲ್ಲ. ಕೊಣ್ಣೂರಿನ ನಮ್ಮ ಓಣಿಯ ಜೈನರ ಮನೆಗಳೆಲ್ಲದರ ಪದ್ಧತಿಯೂ ಅದೇ ಆಗಿತ್ತು, ಆದರೆ ನಮ್ಮಲ್ಲಿ ಅದನ್ನು ಕಾಯಲು ಆಯಿ ಇದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪ, ಅವ್ವ, ಕಾಕಾ, ಕಾಕು, ನಾನು, ಎಲ್ಲರಿಗೂ ಅವಳು ಆಯಿಯೇ. ಅಡುಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲಿನ ತುಂಡು ಮಧ್ಯಾಹ್ನ ಒಲೆಯ ಮುಂದೆ ಬಿದ್ದಿರುತ್ತಿತ್ತು. ಹೊತ್ತು ವಾಲಿದಂತೆ ಅದು ಗೋಡೆ ಹತ್ತಿ, ಮಾಡದಲ್ಲಿಟ್ಟ ಹಿತ್ತಾಳೆ ಡಬ್ಬಿಗಳನ್ನು ಒಂದೊಂದಾಗಿ ದಾಟಿ, ಉಪ್ಪಿನ ಭರಣಿಯ ಮೇಲೆ ಬಂದು ನಿಂತಿತೆಂದರೆ ಆಯಿ ಪಡಸಾಲೆಗೆ ಬಂದು ಎಲ್ಲರನ್ನೂ ಊಟಕ್ಕೆ ಎಬ್ಬಿಸುವಳು. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಮಳೆಗಾಲದ ನಾಲ್ಕು ತಿಂಗಳು ತೊಪ್ಪಲು ಪಲ್ಯವೂ ಇಲ್ಲ, ಎಲೆಯಲ್ಲಿ ಹುಳು ಇರುತ್ತವೆ ಎಂದು. ಉಳ್ಳಾಗಡ್ಡಿಯ ವಾಸನೆ ಎಂಥದೆಂದು ನಾನು ತಿಳಿದದ್ದೇ ಶಾಲೆಯಲ್ಲಿ, ಗೆಳತಿಯ ಬುತ್ತಿಯಿಂದ.

ಈ ಪದ್ಧತಿಗೂ ನನಗೂ ದಸರೆಯ ಹೊತ್ತಿಗೆ ಪ್ರತಿ ವರ್ಷ ಜಗಳ ಹತ್ತುತ್ತಿತ್ತು. ಆಗ ಕರ್ಕೋಚಗಳು ಬರುತ್ತಿದ್ದವು. ಉದ್ದ ಕಾಲಿನ, ಬೂದುಬಣ್ಣದ, ಕಪ್ಪು ಕೊರಳಿನ ದೊಡ್ಡ ಕೊಕ್ಕರೆಗಳು. ಕಣ್ಣ ಹಿಂದಿನಿಂದ ಬಿಳಿ ಗರಿಯ ಎಳೆ ಇಳಿಬಿದ್ದಿರುತ್ತದೆ, ಮುದುಕರ ಕಿವಿಗೂದಲಿನ ಹಾಗೆ. ಕರ್ಕೋಚ ಎನ್ನುವುದು ಮರಾಠಿಯಿಂದ ನಮ್ಮ ಮನೆಗೆ ಬಂದ ಮಾತು. ಮುಂಜಾನೆ, ಮತ್ತೆ ನಾಲ್ಕು ಗಂಟೆಯ ಮೇಲೆ ಹೊಲಗಳಲ್ಲಿ ಮೇದು, ಸಂಜೆ ಅವು ಧುಪದಾಳದ ಒಡ್ಡಿನ ಹಿನ್ನೀರಿಗೆ ಸಾಲುಗಟ್ಟಿ ಮರಳುತ್ತಿದ್ದವು. ಸರಿಯಾಗಿ ಅದೇ ಹೊತ್ತಿಗೆ ಆಯಿಯ ಕರೆ. ನಾನು ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಕೊರಳು ಮೇಲೆತ್ತಿ ನಿಂತಿರುತ್ತಿದ್ದೆ. ಕೆಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು, ಒಲೆ ಆರಿರುತ್ತಿತ್ತು. ಹಾಗೆ ಎಷ್ಟೋ ಸಂಜೆ ಉಪವಾಸ ಮಲಗಿದ್ದೇನೆ. ಆಯಿ ಬೈಯುತ್ತಿರಲಿಲ್ಲ. ಹಸಿವು ಬೈಯುತ್ತದೆ ಎಂದು ಬಿಟ್ಟುಬಿಡುತ್ತಿದ್ದಳು.

ಹಕ್ಕಿಗಳ ಹುಚ್ಚು ಹಿಡಿಸಿದವನು ಭೂಪಾಲ ಕಾಕಾ, ಅಪ್ಪನ ತಮ್ಮ. ನಮ್ಮ ಮನೆಯಲ್ಲಿ ಅಂಗಡಿ ಅಪ್ಪನದು, ಹೊಲ ಕಾಕಾನದು. ಪಾಲಾಗಿರಲಿಲ್ಲ, ಕೆಲಸ ಹಾಗೆ ಹಂಚಿಕೊಂಡಿತ್ತು. ಅಪ್ಪ ಬಜಾರದಲ್ಲಿ ಅರಿವೆ ಅಂಗಡಿ ಇಟ್ಟಿದ್ದ. ಇಸ್ತ್ರಿ ಮಾಡಿದ ಬಿಳಿ ಪೈಜಾಮದ ಮೇಲೆ ಒಂದು ಕಲೆ ಬೀಳಗೊಡುತ್ತಿರಲಿಲ್ಲ. ಕಾಕಾ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಹಿತ್ತಲ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದ. ಹಕ್ಕಿಯ ಸುಗ್ಗಿ ಶುರುವಾದರೆ ರವಿವಾರ ಮುಂಜಾನೆ ನನ್ನನ್ನು ಸೈಕಲ್ಲಿನ ನಡುಕೋಲಿನ ಮೇಲೆ ಕೂರಿಸಿಕೊಂಡು ಧುಪದಾಳಕ್ಕೆ ಒಯ್ಯುತ್ತಿದ್ದ. ಒಡ್ಡಿನ ಕಲ್ಲುಗಳ ಮೇಲೆ ಕುಳಿತು ನೋಡುತ್ತಿದ್ದೆವು. ಇಟ್ಟಂಗಿ ಬಣ್ಣದ ಚಕ್ರವಾಕಗಳು ಜೋಡಿಜೋಡಿಯಾಗಿ ಇರುತ್ತಿದ್ದವು. ನೆತ್ತಿಯ ಮೇಲೆ ಎರಡು ಕಪ್ಪು ಪಟ್ಟಿ ಎಳೆದ ಬಾತುಗಳು ದಡದ ಹುಲ್ಲು ಮೇಯುತ್ತಿದ್ದವು. ನಡುಗಡ್ಡೆಯ ಅಂಚಿನಲ್ಲಿ ಕರ್ಕೋಚಗಳು ಒಂದು ಕಾಲಿನ ಮೇಲೆ ನಿಂತಿರುತ್ತಿದ್ದವು.

"ಇವು ಎಲ್ಲಿಂದ ಬರ್ತಾವ ಕಾಕಾ?"

"ಹಿಮಾಲಯದ ಆಚಿಕಡಿಂದ ಅಂತಾರ. ನಾ ಏನ್ ನೋಡಾಕ ಹೋಗೇನೇನು? ಬಂದಾಗ ಬಂದ್ರಿ ಅನ್ನೂದು, ಹೋದಾಗ ಹೋದ್ರಿ ಅನ್ನೂದು."

ಆಯಿ ಮಾತ್ರ ಹಕ್ಕಿ ಬಂದ ಹೊಸದರಲ್ಲಿ ನೋಡಲು ಎಂದೂ ಬರಲಿಲ್ಲ. ಅವು ಬರುವ ತಿಂಗಳುಗಳಲ್ಲಿ ಅವಳ ಚಾತುರ್ಮಾಸ ಇನ್ನೂ ಮುಗಿದಿರುತ್ತಿರಲಿಲ್ಲ. ಆಷಾಢದಿಂದ ಕಾರ್ತೀಕ ಹುಣ್ಣಿಮೆಯವರೆಗೆ ಊರಸೀಮೆ ದಾಟುವುದಿಲ್ಲ ಎಂದು ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಬಸದಿಯಲ್ಲಿ ನೇಮ ಹಿಡಿದಿದ್ದಳಂತೆ. ಮಳೆಗಾಲದಲ್ಲಿ ನೆಲದ ತುಂಬ ಜೀವಗಳು, ತಿರುಗಾಡಿದಷ್ಟೂ ತುಳಿದಂತೆ ಎಂಬುದು ಅವಳ ಲೆಕ್ಕ. ಊರಾಚೆಯ ಕಾಲುವೆಯ ಸೇತುವೆ ಅವಳ ಗಡಿ. ಮೂಡಲಗಿಗೆ ಕೊಟ್ಟ ನನ್ನ ಅತ್ತೆಗೆ ಎರಡನೆಯ ಹೆರಿಗೆಯಾದದ್ದು ಶ್ರಾವಣದಲ್ಲಿ. ಕಷ್ಟದ ಹೆರಿಗೆ. ಮಗಳಿಗೆ ಹಾಗಾಗಿದೆ ಎಂದು ತಿಳಿದೂ ಆಯಿ ಸೇತುವೆ ದಾಟಲಿಲ್ಲ. ಬಾವಿಕಟ್ಟೆಯ ಮೇಲೆ ಕುಳಿತು ಅತ್ತಳು, ದಾಟಲಿಲ್ಲ. ಮಗುವನ್ನು ತಿಂಗಳ ಮೇಲೆ ಇಲ್ಲಿಗೆ ತರಿಸಿಕೊಂಡೇ ನೋಡಿದಳು.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ ಕರ್ಕೋಚಗಳು ನಮ್ಮ ಹಿನ್ನೀರಿನ ಬದಿಯ ಹೊಲವನ್ನು ಹಿಡಿದುಕೊಂಡವು. ಅದು ಧುಪದಾಳದ ಕಡೆಗಿದ್ದ ಎರೆಹೊಲ. ಶೇಂಗಾ ಕಿತ್ತ ಮೇಲೆ ಕಾಕಾ ಅಲ್ಲಿ ಕಡಲೆ ಬಿತ್ತಿದ್ದ. ಉಳಿದ ಶೇಂಗಾಕ್ಕೆಂದು ಇಳಿದ ಹಕ್ಕಿಗಳು ಕಡಲೆಯ ಮೊಳಕೆಯ ರುಚಿ ಕಂಡವು. ಒಂದು ಮುಂಜಾನೆ ಹೋಗಿ ನೋಡಿದರೆ ಸಾಲಿಗೆ ಸಾಲೇ ಬರಿದು. ಕಾಕಾ ಮತ್ತೆ ಬಿತ್ತಿದ. ಮತ್ತೆ ಹೋಯಿತು. ಬೆದರುಬೊಂಬೆ ನಿಲ್ಲಿಸಿದ. ಅವನ ಹೆಂಡತಿ ಕುಸುಮ ಕಾಕು ಹುಕ್ಕೇರಿಯ ತವರಿನಿಂದ ತಂದಿದ್ದ ಹಾಡಿನ ಕ್ಯಾಸೆಟ್ಟನ್ನು ಅವಳನ್ನು ಕೇಳದೆಯೇ ಒಡೆದು, ಒಳಗಿನ ಟೇಪನ್ನು ಹೊಲದ ಸುತ್ತ ಬಿಗಿದ. ಗಾಳಿಗೆ ಅದು ಗುಂಯ್ ಎನ್ನುತ್ತ ಬಿಸಿಲಿಗೆ ಮಿಂಚುತ್ತಿತ್ತು. ಕಾಕು ಎರಡು ದಿನ ಮಾತು ಬಿಟ್ಟಳು. ಹಕ್ಕಿಗಳು ಮೂರನೆಯ ದಿನ ಟೇಪನ್ನು ದಾಟಿ ಬಂದವು. ಕಾಕಾ ಮೂರನೆಯ ಸಲ ಬಿತ್ತಿದ. ಅದೂ ಅರ್ಧ ಹೋದ ದಿನ ಊಟದ ಸಾಲಿನಲ್ಲಿ ಮಾತು ಬೆಳೆಯಿತು.

"ಇನ್ನೊಂದ್ ಸಲ ಬಿತ್ತಿದ್ರಾತ ಬಿಡು ಭೂಪ್ಯಾ," ಎಂದ ಅಪ್ಪ. "ಹಕ್ಕಿ ತಿಂದ್ರ ಎಷ್ಟ ತಿಂತಾವ?"

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ನಿನಗೇನಣ್ಣಾ, ಅಂಗಡ್ಯಾಗ ಗಾದಿ ಮ್ಯಾಲ ಕುಂತಿರ್ತಿ. ನಿನ್ನ ಅರಿವಿ ಗಂಟ ಯಾವ ಹಕ್ಕಿ ತಿಂತೈತಿ?"

"ಉಣ್ಣೂ ಮುಂದ ಜಗಳ ಬ್ಯಾಡ," ಎಂದಳು ಆಯಿ.

ಕಾಕಾ ಕೈ ತೊಳೆದುಕೊಂಡು ಎದ್ದುಹೋದ. ಅರ್ಧ ಊಟ ಬಿಟ್ಟು ಏಳುವುದು ನಮ್ಮಲ್ಲಿ ಸಣ್ಣ ಮಾತಾಗಿರಲಿಲ್ಲ. ಅವನು ಬಿಟ್ಟ ತಾಟಿನ ಮುಂದೆ ನಾವೆಲ್ಲ ಉಳಿದದ್ದನ್ನು ನುಂಗಿದೆವು. ಅಪ್ಪ ಹೇಳಿದ್ದು ಧರ್ಮದ ಮಾತೇ ಇರಬಹುದು. ಆದರೆ ಬೆನ್ನು ಬಗ್ಗಿಸಿದ್ದು ಕಾಕಾ ಎಂಬುದು ಹತ್ತು ವರ್ಷದ ನನಗೂ ತಿಳಿಯುತ್ತಿತ್ತು.

ಮರುದಿನ ಶನಿವಾರ, ಮುಂಜಾನೆಯ ಶಾಲೆ. ಹೊರಡುವ ಮೊದಲು ಎಮ್ಮೆಯ ಹತ್ತಿರ ಹೋದವಳಿಗೆ ದನದ ಕೊಟ್ಟಿಗೆಯ ಮೂಲೆಯಲ್ಲಿ ಕಾಕಾ ಕಂಡ. ಕಬ್ಬಿಣದ ಬುಟ್ಟಿಯಲ್ಲಿ ಕಾಳು ಹಾಕಿಕೊಂಡು ಕೋಲಿನಿಂದ ತಿರುವುತ್ತಿದ್ದ. ಮೂಗಿಗೆ ಹತ್ತುವ ಘಾಟು. ಹತ್ತಿಗೆ ಹೊಡೆಯುವ ಎಣ್ಣೆಯದು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೇಳುತ್ತಾರೆ.

"ಏನ್ ಮಾಡಾಕತ್ತಿ ಕಾಕಾ?"

"ಬೀಜಕ್ಕ ಔಷಧಿ ಹಚ್ಚಾಕತ್ತೇನಿ. ಹುಳಾ ಹತ್ತಬಾರದಂತ. ನೀ ಸಾಲಿಗಿ ಹೋಗ."

ನನ್ನ ಕಡೆ ನೋಡದೆ ಹೇಳಿದ. ನಾನು ನಂಬಿಕೊಂಡು ಹೋದೆ. ಗುರುಗಳು ಮಗ್ಗಿ ಹೇಳಿಸುತ್ತಿದ್ದಾಗ ಬುಟ್ಟಿಯಲ್ಲಿದ್ದದ್ದು ಬಿಳಿ ಕಾಳು ಎಂಬುದು ಕಣ್ಣ ಮುಂದೆ ಬಂತು. ಕಡಲೆ ಬಿತ್ತುವ ಹೊಲಕ್ಕೆ ಜೋಳ ಯಾಕೆ? ಅದೂ ಬಿತ್ತಿ ಮುಗಿದ ಮೇಲೆ? ಅಷ್ಟು ಹೊಳೆದದ್ದೇ ತಡ, ಮುಂದಿನದೆಲ್ಲ ತಾನಾಗಿಯೇ ತಿಳಿಯಿತು. ಮಗ್ಗಿ ತಪ್ಪಿ ಕೈಗೆ ಏಟು ಬಿತ್ತು. ನೋವು ನೆನಪಿಲ್ಲ.

ಮನೆಗೆ ಬಂದಾಗ ಕೊಟ್ಟಿಗೆಯ ಮೂಲೆ ಖಾಲಿ. ಕಾಕಾ ಹೊಲಕ್ಕೆ ಹೋಗಿಯಾಗಿತ್ತು. ಆಯಿ ಬಾವಿಕಟ್ಟೆಯ ಮೇಲೆ ನೀರು ಸೋಸುತ್ತಿದ್ದಳು. ಕೊಡದ ಬಾಯಿಗೆ ದಪ್ಪ ಅರಿವೆ ಕಟ್ಟಿ ಸೋಸಿ, ಆಮೇಲೆ ಆ ಅರಿವೆಯನ್ನು ತಿರುವಿ ಹಾಕಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಸಣ್ಣ ಚರಿಗೆಯಲ್ಲಿ ಹಗ್ಗದಿಂದ ಮೆಲ್ಲಗೆ ಬಾವಿಗೆ ಇಳಿಸುವಳು. ಅರಿವೆಗೆ ಹತ್ತಿಕೊಂಡ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ಹೋಗಬೇಕು. ನಾನು ಪಾಟೀಚೀಲ ಇಳಿಸದೆ ನಿಂತಿದ್ದೆ. ಹೇಳಬಾರದು ಎಂದೇ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಕಾಕಾನಿಗಿಂತ ಹೆಚ್ಚಿನವರು ನನಗೆ ಆ ಮನೆಯಲ್ಲಿ ಯಾರೂ ಇರಲಿಲ್ಲ. ಚರಿಗೆ ನೀರು ಮುಟ್ಟಿದ ಸದ್ದು ಕೇಳಿತು. ಬಾಯಿಂದ ಮಾತು ಹೊರಬಿತ್ತು.

"ಆಯಿ, ಕಾಕಾ ಜ್ವಾಳಕ್ಕ ಎಣ್ಣಿ ಕಲಿಸಿ ಹೊಲಕ್ಕ ಒಯ್ದಾನ. ಕರ್ಕೋಚಕ್ಕ ಹಾಕಾಕ."

"ಯಾರ ಹೇಳಿದ್ರ?"

"ಯಾರೂ ಹೇಳಿಲ್ಲ. ನಾನ ನೋಡೇನಿ."

"ಖರೆ?"

"ಖರೆ, ಆಯಿ."

ಈಗ ನಾನು ಗೋಕಾಕದಲ್ಲಿ ವಕೀಲಿ ಮಾಡುತ್ತೇನೆ. ತಮ್ಮವರ ವಿರುದ್ಧ ಸಾಕ್ಷಿ ಹೇಳಲು ಕಟಕಟೆಗೆ ಬಂದವರು ಎರಡು ಮಾತಿಗೇ ಬಾಯೊಣಗಿ ನಿಂತಾಗ, ಎದುರು ಪಕ್ಷದವರು ಅದನ್ನು ಸುಳ್ಳಿನ ಗುರುತು ಎನ್ನುತ್ತಾರೆ. ನಾನು ಎಂದೂ ಹಾಗೆ ವಾದಿಸಿಲ್ಲ. ಖರೆ ಹೇಳುವಾಗಲೇ ನಾಲಗೆ ಹೆಚ್ಚು ಒಣಗುತ್ತದೆ ಎಂದು ನನಗೆ ಆ ಬಾವಿಕಟ್ಟೆಯ ಹತ್ತಿರವೇ ತಿಳಿದಿದೆ.

ಆಯಿ ಚರಿಗೆ ಮೇಲೆತ್ತಿ, ಹಗ್ಗ ಸುತ್ತಿಟ್ಟು, ಸೊಸೆಯಂದಿರನ್ನು ಕರೆದಳು. ಮೊರ, ಬುಟ್ಟಿ, ಹಳೆಯ ಅರಿವೆ, ಸಿಕ್ಕಿದ್ದನ್ನು ತೆಗೆದುಕೊಳ್ಳಲು ಹೇಳಿದಳು. ಅಂಗಡಿಗೆ ಓಡಿ ಅಪ್ಪನನ್ನು ಕರೆತರಲು ನನ್ನನ್ನು ಅಟ್ಟಿದಳು. ನಾನೂ ಅಪ್ಪನೂ ಓಡುತ್ತ ಕಾಲುವೆಯ ಸೇತುವೆಗೆ ಬಂದಾಗ ಮೂವರೂ ಅಲ್ಲೇ ನಿಂತಿದ್ದರು. ಅವ್ವ ಆಯಿಗೆ ಅಡ್ಡ ನಿಂತಿದ್ದಳು.

"ಮುಂದ ನಾವ ಹೋಗ್ತೀವ್ರಿ ಆಯಿ. ನೀವ ಇಲ್ಲೇ ಕುಂದರ್ರಿ. ಹುಣ್ಣಿಮಿಗಿ ಇನ್ನ ಹತ್ತ ದಿನಾ ಐತಿ."

"ಐವತ್ತ ವರ್ಷ ಜ್ವಾಳದಾಗಿನ ಹರಳ ಆರಿಸೇನಿ," ಎಂದಳು ಆಯಿ. "ನಿಮ್ಮ ಕಣ್ಣಿಗಿ ಕಾಣದ್ದ ನನ್ನ ಕೈಗಿ ಸಿಗತೈತಿ. ಸರಿ, ದಾರಿ ಬಿಡು."

ಸೇತುವೆಯ ಮೇಲೆ ಒಮ್ಮೆ ಕೈಮುಗಿದಳು. ಯಾವ ದಿಕ್ಕಿಗೆ ಮುಗಿದಳೋ ತಿಳಿಯಲಿಲ್ಲ. ಆಮೇಲೆ ಸೆರಗು ಬಿಗಿದುಕೊಂಡು ದಾಟಿದಳು. ನಾವು ಹಿಂದೆ ನಡೆದೆವು.

ಕಾಕಾ ಹೊಲದ ಅಂಚಿಗೆ ಕೊನೆಯ ಹಿಡಿ ಚೆಲ್ಲಿ ಬದುವಿನ ಮೇಲೆ ಕುಳಿತಿದ್ದ. ಮೊದಲು ಆಯಿಯನ್ನು ಕಂಡು ಎದ್ದು ನಿಂತ. ಅವಳ ಹಿಂದೆ ನನ್ನನ್ನು ಕಂಡ. ಆ ನೋಟವನ್ನು ನಾನು ಇವತ್ತಿನವರೆಗೂ ಮರೆತಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಆಯಿ! ನೀ ಯಾಕ ಬಂದಿ? ನೇಮ ಮುರಿತಲ್ಲ!"

"ನೇಮ ನಂದು. ಮುರದಾಕಿನೂ ನಾನ. ಅದಕ್ಕ ಪ್ರಾಯಶ್ಚಿತ್ತ ನಾ ಮಾಡಕೋತೇನಿ. ನೀ ಎಲ್ಲೆಲ್ಲಿ ಚೆಲ್ಲಿದಿ, ತೋರಸು."

"ಮೂರ ಸಲ ಬಿತ್ತೇನಿ ಆಯಿ. ಮೂರ ಸಲ. ಯಾರರೆ ಒಬ್ಬರು ಬಂದು ನೋಡಿದ್ರೇನು? ಜೀವದಯಾ ಅಂತ ಉಣ್ಣಾಕ ಕುಂತ ಹೇಳೂದ ಭಾಳ ಸಸಾರ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಆಯಿ ಕೈಯೆತ್ತಿ ತಡೆದಳು.

"ನೀ ಅನ್ನೂದ ಖರೆ ಐತಿ," ಎಂದಳು ಕಾಕಾನಿಗೆ. "ಅದರಾಗ ನಮ್ಮ ತಪ್ಪೂ ಐತಿ. ಅದನ್ನ ಮನಿಯಾಗ ಮಾತಾಡೂಣು. ಈಗ ಬಾ, ಆರಸು. ನಾಕ ಗಂಟೇಕ ಅವು ಮೇಯಾಕ ಬರ್ತಾವ."

ಕಾಕಾ ಚೆಲ್ಲಿದ ಅಂಚನ್ನು ಕೈಮಾಡಿ ತೋರಿಸಿದ. ಆಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಕುಡುಗೋಲಿನಿಂದ ಹರಿದು ತುಂಡು ಮಾಡಿ, ಎಲ್ಲರ ಕೈಗೂ ಸುತ್ತಿಕೊಳ್ಳಲು ಕೊಟ್ಟ. ನಾನೂ ಕೈ ಚಾಚಿದೆ. ಅವನು ನನಗೆ ಕೊಡಲಿಲ್ಲ. ಕಾಕುವಿನ ಕಡೆ ತಿರುಗಿ, "ಆಕಿ ಕಾಳ ಮುಟ್ಟೂದ ಬ್ಯಾಡ," ಎಂದ. ನನ್ನನ್ನು ಬದುವಿನ ಮೇಲೆ ನಿಲ್ಲಿಸಿದರು, ಹಕ್ಕಿ ಬಂದರೆ ಕೂಗಲು. ಐದು ಜನ ಒಂದು ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತು ಹೊಲದಂಚನ್ನು ಅಂಗೈಯಷ್ಟು ಅಂಗೈಯಷ್ಟಾಗಿ ಆರಿಸುತ್ತ ಬಂದರು. ಕರಿಮಣ್ಣಿನಲ್ಲಿ ಬಿಳಿ ಜೋಳ ಕಾಣುತ್ತಿತ್ತು, ಆದರೆ ಎರೆಯ ಬಿರುಕಿಗೆ ಬಿದ್ದದ್ದನ್ನು ಕಡ್ಡಿಯಿಂದ ತೆಗೆಯಬೇಕಿತ್ತು. ಅಪ್ಪನ ಪೈಜಾಮ ಮೊಣಕಾಲಿನ ಹತ್ತಿರ ಕಪ್ಪಾಯಿತು. ಎರಡು ಸಲ ಕರ್ಕೋಚಗಳ ಸಾಲು ಹಿನ್ನೀರಿನಿಂದ ಎದ್ದು ನಮ್ಮ ಕಡೆ ತಿರುಗಿತು. ಎರಡು ಸಲವೂ ನಾನು ಗಂಟಲು ಹರಿಯುವಂತೆ ಕೂಗಿದೆ, ಅಪ್ಪ ತಲೆಯ ಟೊಪ್ಪಿಗೆ ತೆಗೆದು ಬೀಸುತ್ತ ಓಡಿದ. ಅವು ಮಸಗುಪ್ಪಿಯ ದಿಕ್ಕಿಗೆ ಹೊರಳಿಕೊಂಡು ಹೋದವು.

ಆರಿಸಿ ಮುಗಿಯುವ ಹೊತ್ತಿಗೆ ಹೊತ್ತು ಮುಳುಗಿತ್ತು. ಆ ದಿನ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಮಧ್ಯಾಹ್ನ ಬಡಿದಿಟ್ಟ ರೊಟ್ಟಿಗಳು ಮರುದಿನ ಎಮ್ಮೆಯ ಪಾಲಾದವು.

ಆದರೆ ಎಲ್ಲ ಕಾಳೂ ಸಿಕ್ಕಿರಲಾರದು ಎಂದು ಕಾಕಾನಿಗೆ ಗೊತ್ತಿತ್ತು. ರವಿವಾರ ಬೆಳಕು ಹರಿಯುವ ಮೊದಲೇ ಖಾಲಿ ಡಬ್ಬಿ ಹಿಡಿದು ಹೊರಟ. ಸೈಕಲ್ ತೆಗೆಯಲಿಲ್ಲ. ನಾನು ಕರೆಯದಿದ್ದರೂ ಹಿಂದೆ ನಡೆದೆ. ಬಿಸಿಲು ಮೂಡಿದ್ದೇ ತಡ ಅವು ಬಂದವು. ಆಕಾಶದ ತುಂಬ ಆ ಗೊಗ್ಗರು ದನಿ. ಮೊದಲ ಸಾಲು ಕಾಲು ಕೆಳಗೆ ಬಿಟ್ಟು ಇಳಿಯತೊಡಗಿತು. ಕಾಕಾ ಡಬ್ಬಿ ಬಾರಿಸುತ್ತ ಓಡಿದ. ಒಂದು ಚಪ್ಪಲಿ ಹಿಂದೆ ಬಿತ್ತು, ತಿರುಗಿ ನೋಡಲಿಲ್ಲ. "ಹೋಗ್ರೋ! ಇಳೀಬ್ಯಾಡ್ರೋ! ಹೋಗ್ರೋ!" ಎಂದು ಕೂಗುತ್ತಿದ್ದ. ನಿನ್ನೆ ಯಾವುದನ್ನು ಕೊಲ್ಲಲು ಹೊರಟಿದ್ದನೋ ಅದರ ಜೀವಕ್ಕಾಗಿ ಹೊಲದ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ಓಡುತ್ತಿದ್ದ. ಒಂದು ಕಡೆಯಿಂದ ಎಬ್ಬಿಸಿದರೆ ಇನ್ನೊಂದು ಕಡೆ ಇಳಿಯುತ್ತಿದ್ದವು. ಬಿಸಿಲೇರುವ ತನಕ ಅದೇ ಆಯಿತು. ಕೊನೆಗೆ ಅವೆಲ್ಲ ನೀರಿನ ಕಡೆ ಹೋದ ಮೇಲೆ ನೋಡಿದರೆ, ಜಾಲಿಯ ಮರೆಯಲ್ಲಿದ್ದ ದೂರದ ಬದುವಿನ ಕೆಳಗೆ ಒಂದು ಹಕ್ಕಿ ಬಿದ್ದಿತ್ತು. ಕೊರಳು ತಿರುಚಿ ಬೆನ್ನ ಮೇಲೆ ಮಲಗಿತ್ತು. ನಾವು ಹತ್ತಿರ ಹೋದಾಗ ಇನ್ನೂ ಒಮ್ಮೆ ರೆಕ್ಕೆ ಬಡಿಯಿತು, ಅಷ್ಟೇ.

ಕಾಕಾ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಅಷ್ಟು ದೊಡ್ಡ ಹಕ್ಕಿ, ಅವನು ನೆನೆಸಿದ್ದಕ್ಕಿಂತ ಹಗುರವಿತ್ತೇನೋ, ತೋಳುಗಳು ಒಮ್ಮೆಲೇ ಮೇಲೆ ಬಂದವು. ಆಮೇಲೆ ಆಳವಾಗಿ ತೆಗ್ಗು ತೋಡಿ, ಇಟ್ಟು, ಮಣ್ಣು ಎಳೆದ. ಆ ದಿನವೇ ರಂಟೆ ಕಟ್ಟಿ ಹೊಲದ ಆ ಅಂಚನ್ನೆಲ್ಲ ಮಗುಚಿ ಹಾಕಿದ.

ಆಯಿ ಹೇಳಿದಂತೆ ಮನೆಯಲ್ಲಿ ಮಾತಾಯಿತು. ಅವಳು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಪ್ರಾಯಶ್ಚಿತ್ತಕ್ಕೆ ಮೂರು ದಿನ ನಿರಾಹಾರ ಹಿಡಿದಿದ್ದಳು, ದನಿ ಸಣ್ಣಗಾಗಿತ್ತು. ಆದರೂ ತೀರ್ಮಾನ ಅವಳದೇ.

"ಹೊಲದ್ದ ಉಣ್ಣಾವ್ರು ಆರ ಮಂದಿ. ಕಾಯಾವ ಒಬ್ಬನ ಯಾಕ? ನಾಳಿಂದ ಪಾಳಿ ಹಚ್ಚರಿ. ಮೊದಲನೇ ಪಾಳಿ ಅಂಗಡಿಯಾಂವಂದು."

ಅಪ್ಪ ಒಪ್ಪಿದ. ಮರುದಿನದಿಂದ ಅಂಗಡಿ ತಡವಾಗಿ ತೆರೆಯಿತು. ಬರಿದಾದ ಸಾಲುಗಳಿಗೆ ಕಾಕಾ ಮತ್ತೆ ಬಿತ್ತಿದ ಕಡಲೆ ಮೊಳೆತು ನಾಲ್ಕು ಎಲೆ ಬರುವ ತನಕ ಮುಂಜಾನೆಯೂ ಸಂಜೆಯೂ ನಮ್ಮ ಮನೆಯವರು ಹೊಲದಲ್ಲಿ. ಅಪ್ಪ ಗಿರಾಕಿಯನ್ನು ಕರೆದಂತೆ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದ, ಹಕ್ಕಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಅವ್ವ ತಾಟು ಬಡಿಯುತ್ತಿದ್ದಳು. ಕುಸುಮ ಕಾಕು ಕ್ಯಾಸೆಟ್ಟಿನಲ್ಲಿ ಹೋದ ಹಾಡುಗಳನ್ನು ತಾನೇ ಗಟ್ಟಿಯಾಗಿ ಹಾಡುತ್ತ ಬದುವಿನ ಮೇಲೆ ತಿರುಗುತ್ತಿದ್ದಳು, ಎಲ್ಲರಿಗಿಂತ ಚೆನ್ನಾಗಿ ಓಡಿಸಿದವಳು ಅವಳೇ. ನನ್ನ ಪಾಳಿ ಸಂಜೆ, ಶಾಲೆ ಬಿಟ್ಟ ಮೇಲೆ, ಕಾಕಾನ ಜೊತೆಗೆ. ಜೊತೆಗೆ ಎಂದರೆ ಅವನು ಆ ತುದಿಗೆ, ನಾನು ಈ ತುದಿಗೆ. ಅವನು ಮನೆಯಲ್ಲಿ ಎಲ್ಲರೊಡನೆ ಮೊದಲಿನ ಹಾಗೇ ಇದ್ದ, ಅಪ್ಪನ ಚಪ್ಪಾಳೆಯನ್ನು ಅಣಕಿಸಿ ನಗಿಸುತ್ತಿದ್ದ. ನನ್ನೊಡನೆ ಮಾತ್ರ ಮಾತಿಲ್ಲ. ನಾನು ತಪ್ಪು ಮಾಡಿಲ್ಲ ಎಂದು ನನಗೆ ಗೊತ್ತಿತ್ತು. ಅದರಿಂದ ದುಃಖವೇನೂ ಕಡಿಮೆಯಾಗಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಕಾಕು ನನ್ನ ಜಡೆ ಹಾಕುತ್ತ ಹೇಳಿದಳು:

"ಆಯಿ ನಿರಾಹಾರ ಇದ್ದಾಗ ನಿಮ್ಮ ಕಾಕಾನೂ ಉಂಡಿಲ್ಲ ನೋಡ. ಬುತ್ತಿ ಒಯ್ದು ನಾಯಿಗಿ ಹಾಕ್ಯಾರ. ನಿನ್ನ ಮ್ಯಾಲ ಸಿಟ್ಟಿಲ್ಲ ಅವರಿಗಿ. ನಿನ್ನ ಮಾರಿ ನೋಡಾಕ ನಾಚಿಕಿ."

ನಾಚಿಕೆ ದೊಡ್ಡವರಿಗೂ ಆಗುತ್ತದೆ, ಅದೂ ಸಣ್ಣವರ ಮುಂದೆ ಆಗುತ್ತದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಕಾರ್ತೀಕ ಹುಣ್ಣಿಮೆ ದಾಟಿತು. ಕಡಲೆ ಪೂರ್ತಿ ಬರಲಿಲ್ಲ, ಮುಕ್ಕಾಲು ಬಂತು. ಗಿಡ ಬಲಿತ ಮೇಲೆ ಹಕ್ಕಿಗಳಿಗೆ ಅದರ ಮೇಲಿನ ಆಸೆ ಹೋಯಿತು, ಕಾಯುವ ಅಗತ್ಯವೂ ಇರಲಿಲ್ಲ. ಆದರೂ ನಾನೂ ಕಾಕಾನೂ ಸಂಜೆ ಹೋಗುತ್ತಿದ್ದೆವು, ಯಾರೂ ಬೇಡ ಎನ್ನಲಿಲ್ಲ. ಒಂದು ಸಂಜೆ ಪಕ್ಕದ ಖಾಲಿ ಹೊಲದಿಂದ ಇಡೀ ಹಿಂಡು ಒಮ್ಮೆಲೇ ಎದ್ದಿತು. ನಮ್ಮ ತಲೆಯ ಮೇಲೆಯೇ ಸಾಲು ಕಟ್ಟಿಕೊಳ್ಳುತ್ತ ನೀರಿನ ಕಡೆ ತಿರುಗಿತು. ನಾನು ಬೆರಳೆತ್ತಿ ಎಣಿಸಿದೆ. ಎಣಿಸಿ ಮುಗಿದಾಗ ಯಾರಿಗೂ ಅಲ್ಲದಂತೆ ಗಟ್ಟಿಯಾಗಿ ಹೇಳಿದೆ:

"ನೂರಾ ಹನ್ನೆರಡ."

ಹಿಂದೆ ಮಣ್ಣಿನ ಹೆಂಟೆ ತುಳಿದ ಸದ್ದಾಯಿತು. ಕಾಕಾ ಯಾವಾಗ ಆ ತುದಿಯಿಂದ ಈ ತುದಿಗೆ ಬಂದಿದ್ದನೋ.

"ಹದಿಮೂರ," ಎಂದ. "ಮರಿ ಒಂದ ಹಿಂದ ಉಳದೈತಿ. ಅಲ್ಲಿ, ಜಾಲಿಗಿಡದ ಮ್ಯಾಲ ನೋಡ."

ನೋಡಿದೆ. ಆ ವರ್ಷವೇ ಹುಟ್ಟಿ, ಮೊದಲ ಸಲ ಅಷ್ಟು ದೂರ ಬಂದಿದ್ದ ಮರಿ. ತಲೆ ಇನ್ನೂ ಬೂದು, ಕೊರಳಿಗೆ ಕಪ್ಪು ತುಂಬಿರಲಿಲ್ಲ. ಉಳಿದವುಗಳಿಗಿಂತ ಬೇಗಬೇಗ ರೆಕ್ಕೆ ಬಡಿಯುತ್ತ, ಒಂದೇ ಸಮನೆ ಕೂಗುತ್ತ ಬರುತ್ತಿತ್ತು. ಸಾಲಿನ ಕೊನೆಯಲ್ಲಿದ್ದ ಎರಡು ಹಕ್ಕಿಗಳು ವೇಗ ತಗ್ಗಿಸಿ ಅಗಲವಾಗಿ ಒಂದು ಸುತ್ತು ಹಾಕಿದವು. ಕಾಕಾ ಕೈಯಲ್ಲಿದ್ದ ಡಬ್ಬಿಯನ್ನು ಸದ್ದಾಗದ ಹಾಗೆ ನೆಲಕ್ಕೆ ಇಟ್ಟು ನನ್ನ ಪಕ್ಕದಲ್ಲಿ ನಿಂತ. ಮರಿ ಹೋಗಿ ಆ ಎರಡರ ನಡುವೆ ಸೇರಿಕೊಂಡಿತು.